ಪುಣೆಗೆ ಹೋದರೆ ಪುಟಾಣಿ ರೈಲು ನೋಡಿಬನ್ನಿ

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಳಗಾವಿಯಿಂದ ಪುಣೆಗೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಕೋಥ್ರೂಡ್ ಬಡಾವಣೆಯಲ್ಲಿ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ಇದೆ, 1998ರಲ್ಲಿ ಶುರುವಾದದ್ದು. ಯಾವಾಗ ಬೇಕಾದರೂ ಹೊಕ್ಕು ಸುತ್ತಾಡುವ ಜಾಗ ಅಲ್ಲ, ಶೋ ಇರುತ್ತದೆ. ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ನಾವು ಕೇಳದೆ ಹೋಗಿ ಹೊರಗೇ ಕಾದೆವು, ಸಣ್ಣವ ಹಸಿವು ಅಂತ ಅಳೋಕೆ ಶುರು ಮಾಡಿದ, ಪುಣ್ಯಕ್ಕೆ ಬ್ಯಾಗಿನಲ್ಲಿ ಒಂದಿಷ್ಟು ಚುರುಮುರಿ ಇತ್ತು.

ಅಲ್ಲಿನ ರೈಲುಗಳ ಅಳತೆ ಎಚ್‌ಒ, ಅಂದರೆ ನಿಜವಾದದ್ದರ 87ನೇ ಒಂದು ಪಾಲು. ನೀವು ಕೂತು ಹೋಗುವ 23.5 ಮೀಟರ್ ಉದ್ದದ ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿ ಈ ಲೆಕ್ಕದಲ್ಲಿ ಬರೀ 27 ಸೆಂಟಿಮೀಟರ್! ಮೀರಜ್ ದಾಟುವಷ್ಟರಲ್ಲಿ ಇದನ್ನು ಮಕ್ಕಳಿಗೆ ಸ್ಕೇಲ್ ಹಿಡಿದು ತೋರಿಸಿಬಿಡಿ, ಆಮೇಲೆ ಅಲ್ಲಿ ನೋಡುವ ಖುಷಿಯೇ ಬೇರೆ.

ಎಲ್ಲಾ ರೈಲು ಒಟ್ಟಿಗೆ ನೋಡಲು ಹೋದರೆ ತಲೆ ಗಿರ್ ಅನ್ನುತ್ತದೆ. ಒಂದೇ ಗಾಡಿ ಹಿಡಿದು ನೋಡಿ, ಸಿಗ್ನಲ್ ಕೆಂಪಾದಾಗ ಅದು ಹೇಗೆ ತಾನಾಗಿಯೇ ನಿಲ್ಲುತ್ತದೆ ಅಂತ ಗಮನಿಸಿ. ರೋಪ್‌ವೇ, ಸರ್ಕಸ್ ಕೂಡ ಇವೆ. ಲೈಟ್ ಆರಿಸಿ ರಾತ್ರಿ ಮಾಡಿದಾಗ ದಯವಿಟ್ಟು ಮೊಬೈಲ್ ಫ್ಲ್ಯಾಶ್ ಹಾಕಬೇಡಿ, ಸುಮ್ನೆ ಎಲ್ಲರ ಮಜಾ ಹಾಳು. ಮತ್ತೆ, ಮುಟ್ಟಬಾರದು ಅಂತ ಮಕ್ಕಳಿಗಿಂತ ಅಪ್ಪಂದಿರಿಗೇ ಜಾಸ್ತಿ ಹೇಳಬೇಕು.