ಫ್ರಾನ್ಸ್‌ನಲ್ಲಿ ಸೈಕಲ್ ಟೂರ್: ಕಾರುಗಳ ಕಾಟವಿಲ್ಲದ ದಾರಿ

ಫ್ರಾನ್ಸ್‌ನ ಹಳ್ಳಿ ಕಡೆ ಸೈಕಲ್ ತುಳಿಯಬೇಕು, ಆದರೆ ಕಾರುಗಳ ಜೊತೆ ಗುದ್ದಾಡೋದು ಬೇಡ ಅನ್ನುವವರು ಮ್ಯಾಪ್‌ನಲ್ಲಿ ‘ವುವಾ ವೆರ್ತ್’ (voie verte, ಅಂದರೆ ‘ಹಸಿರು ದಾರಿ’) ಹುಡುಕಿ. ಇಲ್ಲಿ ಕಾರು, ಬೈಕು ಬರುವಂತಿಲ್ಲ. ಎಷ್ಟೋ ಕಡೆ ಇವು ಹಳೇ ರೈಲು ಮಾರ್ಗದ ಮೇಲೋ, ಕಾಲುವೆ ದಂಡೆಯಲ್ಲೋ ಇವೆ. ರೈಲಿಗೆ ಕಡಿದಾದ ಏರು ಆಗಲ್ಲ ಅಲ್ವಾ? ಹಾಗಾಗಿ ಲಗೇಜ್ ಕಟ್ಟಿಕೊಂಡು ಹೋದರೂ ಜಾಸ್ತಿ ಏದುಸಿರು ಬರುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬರ್ಗಂಡಿ ಪ್ರಾಂತ್ಯದ ಜಿವ್ರಿ–ಕ್ಲುನಿ ದಾರಿ. 1997ರಲ್ಲಿ ಶುರುವಾದ, ಫ್ರಾನ್ಸ್‌ನ ಮೊಟ್ಟಮೊದಲ ವುವಾ ವೆರ್ತ್ ಇದು. ಸುಮಾರು 44 ಕಿ.ಮೀ., ಡಾಂಬರು ದಾರಿ. ಬ್ಯುಕ್ಸಿ ಹತ್ತಿರ ದ್ರಾಕ್ಷಿ ತೋಟ, ಮುಂದೆ ಹುಲ್ಲುಗಾವಲಿನಲ್ಲಿ ಬೆಳ್ಳಗಿನ ಶಾರೊಲೆ ದನಗಳು. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಸುಮ್ನೆ ಯಾಕೆ ಅವಸರ?

ಕ್ಲುನಿಯಿಂದ ಮಾಕೊಂ ಕಡೆ ಮುಂದುವರಿದರೆ ಬುವಾ ಕ್ಲೇರ್ ಸುರಂಗ ಸಿಗುತ್ತದೆ. 1.6 ಕಿ.ಮೀ. ಉದ್ದ. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಕೈಗೆ ಸಿಗುವಂತೆ ಲಗೇಜಿನ ಮೇಲೇ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಬಾವಲಿಗಳಿಗೆ ತೊಂದರೆಯಾಗಬಾರದೆಂದು ಸುರಂಗ ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿಯೇ ಹೋಗಬೇಕು.

ಊಟದ ವಿಷಯ ಮಾತ್ರ ಹುಷಾರು. ಹಳ್ಳಿ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ, ಎಷ್ಟೋ ಕಡೆ ಸೋಮವಾರವೂ ಏನೂ ಸಿಗುವುದಿಲ್ಲ. ಬೆಳಿಗ್ಗೆಯೇ ಬ್ರೆಡ್ಡು, ಚೀಸು, ಹಣ್ಣು ಕಟ್ಟಿಕೊಳ್ಳಿ. ನೀರು ಖಾಲಿಯಾದರೆ ಊರಿನ ಸ್ಮಶಾನದಲ್ಲಿ ನೋಡಿ, ಸಾಮಾನ್ಯವಾಗಿ ನಲ್ಲಿ ಇರುತ್ತದೆ. ‘ನೊಂ ಪೊತಾಬ್ಲ್’ (non potable, ಅಂದರೆ ಕುಡಿಯುವ ನೀರಲ್ಲ) ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ.