ಗೋಡೆ ಮೇಲಿನ ಜೇಡ: ಯಾವುದನ್ನು ಬಿಡಬೇಕು, ಯಾವುದರಿಂದ ದೂರ ಇರಬೇಕು

ಪೊರಕೆ ಎತ್ತುವ ಮೊದಲು ಮೂರು ವಿಷಯ ನೋಡಿ. ಜೇಡ ಎಲ್ಲಿ ಕೂತಿದೆ? ಬಲೆ ಇದೆಯಾ, ಇಲ್ಲವಾ? ಇದ್ದರೆ ಬಲೆ ಹೇಗಿದೆ? ಬಣ್ಣ ಆಮೇಲೆ ನೋಡಿದರಾಯಿತು. ಬರೀ ಬಣ್ಣ ನೋಡಿ ಗುರುತಿಸುವವರೇ ಜಾಸ್ತಿ ಮೋಸ ಹೋಗುತ್ತಾರೆ. ಎಷ್ಟೋ ಜಾತಿಗಳಲ್ಲಿ ಗಂಡು ಒಂದು ಬಣ್ಣ, ಹೆಣ್ಣು ಒಂದು ಬಣ್ಣ, ಮರಿ ಇನ್ನೊಂದು. ಮೊಬೈಲ್ ಟಾರ್ಚು, ಗಾಜಿನ ಲೋಟ, ಹಳೇ ಲಗ್ನಪತ್ರಿಕೆಯ ದಪ್ಪ ಕಾಗದ ಇದ್ದರೆ ಸಾಕು. ಕಾಗದದ ಕೆಲಸ ಮುಂದೆ ಹೇಳುತ್ತೇನೆ.

ನಾನು ಗಂಗಾವತಿಯವಳು, ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದೇನೆ. "ಜೇಡ ಕಚ್ಚೈತಿ" ಅಂತ ಬಂದವರನ್ನು ವರ್ಷಗಟ್ಟಲೆ ನೋಡಿದ್ದೇನೆ. ಅವರಲ್ಲಿ ನಿಜಕ್ಕೂ ಜೇಡ ಕಚ್ಚಿದವರು ಬಹಳ ಕಡಿಮೆ. ನೀನು ಜೇಡಗಳ ವಕೀಲೆ ಅಂತ ನಮ್ಮ ಮನೆಯವರು ನಗುತ್ತಾರೆ, ನಗಲಿ. ಹೆಚ್ಚುಕಡಿಮೆ ಎಲ್ಲ ಜೇಡಕ್ಕೂ ವಿಷ ಇರುತ್ತದೆ, ಅದು ಸುಳ್ಳಲ್ಲ. ಆದರೆ ಆ ವಿಷ ನೊಣ, ಜಿರಳೆಗಾಗಿ ಇರುವುದು. ಮನೆಯ ಜೇಡಗಳಲ್ಲಿ ಹೆಚ್ಚಿನವುಗಳ ಹಲ್ಲು ನಮ್ಮ ಚರ್ಮದೊಳಗೆ ಸರಿಯಾಗಿ ಇಳಿಯುವುದೂ ಇಲ್ಲ.

ಬಚ್ಚಲಿನಿಂದ ಶುರು ಮಾಡೋಣ. ಮೂಲೆಯಲ್ಲಿ, ನೀರಿನ ಹಂಡೆಯ ಹಿಂದೆ, ಕೂದಲಿನಷ್ಟು ತೆಳ್ಳನೆಯ ಉದ್ದ ಕಾಲುಗಳ ಜೇಡ ತಲೆಕೆಳಗಾಗಿ ತೂಗುತ್ತಿರುತ್ತದೆ. ಮೆಲ್ಲಗೆ ಊದಿ ನೋಡಿ. ಬಲೆ ಸಮೇತ ಗಡಗಡ ಅಲುಗಾಡಿದರೆ ಅದು ನೀಳಗಾಲಿನ ಜೇಡವೇ. ಹೆಣ್ಣು ತನ್ನ ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಹಿಡಿದುಕೊಂಡಿರುತ್ತದೆ. ಇದೇ ಜಗತ್ತಿನ ಅತಿ ವಿಷದ ಜೇಡ, ಹಲ್ಲು ಚಿಕ್ಕದಾದ್ದರಿಂದ ಬದುಕಿದ್ದೇವೆ ಅಂತ ವಾಟ್ಸಾಪ್‌ನಲ್ಲಿ ಒಂದು ಕಥೆ ತಿರುಗುತ್ತಿರುತ್ತದೆ. ಶುದ್ಧ ಸುಳ್ಳು. ಇದು ಸೊಳ್ಳೆ ತಿನ್ನುತ್ತದೆ, ಇತರ ಜೇಡಗಳನ್ನೂ ತಿನ್ನುತ್ತದೆ. ಬಲೆ ಗಲೀಜು ಕಂಡರೆ ತೆಗೆಯಿರಿ, ಅದು ಇನ್ನೊಂದು ಕಟ್ಟಿಕೊಳ್ಳುತ್ತದೆ.

ಕಿಟಕಿ ಸರಳಿನ ಮೇಲೆ, ಟಿವಿ ಪರದೆ ಮೇಲೆ ಹಗಲಲ್ಲೇ ಪುಟುಪುಟು ಓಡಾಡಿ, ನಿಂತು, ತಿರುಗಿ ನಿಮ್ಮನ್ನೇ ನೋಡುವ ಪುಟ್ಟ ಜೇಡ ನೆಗೆಯುವ ಜೇಡ. ಮುಂದಿನ ಎರಡು ಕಣ್ಣು ದೊಡ್ಡವು, ಟಾರ್ಚ್ ಹಾಕದೆಯೂ ಕಾಣುತ್ತವೆ. ಬಲೆ ಕಟ್ಟಿ ಕಾಯುವ ಪೈಕಿ ಅಲ್ಲ, ನೊಣದ ಮೇಲೆ ಹಾರಿಯೇ ಹಿಡಿಯುತ್ತದೆ. ಹಾರುವ ಮೊದಲು ಒಂದು ಎಳೆ ಅಂಟಿಸಿಕೊಳ್ಳುತ್ತದೆ, ಗುರಿ ತಪ್ಪಿದರೆ ಅದೇ ಎಳೆ ಹಿಡಿದು ಮೇಲೆ ಬರುತ್ತದೆ. ಮೊಮ್ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜೇಡ ಇಲ್ಲ.

ಎಲ್ಲರೂ ಕಿರುಚುವುದು ಮಾತ್ರ ಮೂರನೆಯದಕ್ಕೆ. ರಾತ್ರಿ ಅಡುಗೆಮನೆಯ ಲೈಟ್ ಹಾಕಿದರೆ ಗೋಡೆ ಮೇಲೆ ಅಂಗೈ ಅಗಲದ ಕಂದು ಜೇಡ. ಮೈ ಚಪ್ಪಟೆ, ಕಾಲು ಏಡಿಯ ಕಾಲಿನ ಹಾಗೆ ಪಕ್ಕಕ್ಕೆ ಚಾಚಿರುತ್ತವೆ. ಮುಖದ ಮೇಲೆ ಕೆನೆ ಬಣ್ಣದ ಪಟ್ಟಿ ಇರುತ್ತದೆ. ಇದಕ್ಕೆ ಹಂಟ್ಸ್‌ಮನ್ ಜೇಡ ಅನ್ನುತ್ತಾರೆ. ಬಲೆ ಕಟ್ಟುವುದಿಲ್ಲ, ಜಿರಳೆ ಬೇಟೆಯೇ ಇದರ ಕೆಲಸ. ಕ್ಯಾಲೆಂಡರ್ ಹಿಂದೆ, ಬಾಗಿಲ ಸಂದಿಯಲ್ಲಿ, ಹಳೇ ಮಾಳಿಗೆ ಮನೆಯಾದರೆ ಜಂತಿಯ ನಡುವೆ ಹಗಲು ಕಳೆಯುತ್ತದೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆ ಹಿಡಿದುಕೊಂಡಿದ್ದರೆ ಅದು ಹೆಣ್ಣು, ಬಿಲ್ಲೆಯೊಳಗೆ ಮೊಟ್ಟೆ. ಆಗ ಮಾತ್ರ ಕೆಣಕಬೇಡಿ, ಕಚ್ಚಬಹುದು. ಕಚ್ಚಿದರೂ ಒಂದಷ್ಟು ಹೊತ್ತು ನೋವು, ಊತ, ಅಷ್ಟೇ. ಗೋಡೆಗೆ ಅಂಟಿಕೊಂಡು ಅಲುಗಾಡದೆ ಇರುವ "ಸತ್ತ ಜೇಡ" ಎಷ್ಟೋ ಸಲ ಅದು ಕಳಚಿಟ್ಟ ಹಳೇ ಚರ್ಮ. ಅಂದರೆ ಜೇಡ ಬೆಳೆದು ಇನ್ನೂ ದೊಡ್ಡದಾಗಿ ಮನೆಯಲ್ಲೇ ಎಲ್ಲೋ ಇದೆ. ಇದನ್ನು ನಾನು ಮನೆಗೆ ಬಂದ ನೆಂಟರಿಗೆ ಹೇಳುವುದಿಲ್ಲ.

ಮನೆ ಹೊರಗಿನವು ಬೇಗ ಮುಗಿಯುತ್ತವೆ. ಗಿಡಗಳ ನಡುವೆ ಗುಂಡು ಬಲೆ, ಅದರಲ್ಲಿ ಬಿಳಿ ದಾರದಿಂದ ಅಡ್ಡಾದಿಡ್ಡಿ ಗೀಟು ಹಾಕಿದಂತಿದ್ದರೆ ಸಿಗ್ನೇಚರ್ ಜೇಡ, ನಿರಪಾಯಕಾರಿ. ಬೇವಿನ ಕಾಂಡಕ್ಕೆ ತೊಗಟೆಯ ಬಣ್ಣದಲ್ಲೇ ಅಂಟಿಕೊಂಡು, ಹಿಂದೆ ಎರಡು ಬಾಲ ಇರುವುದೂ ಹಾಗೆಯೇ. ರಾತ್ರಿ ಭತ್ತದ ಗದ್ದೆಯ ಬದುವಿನ ಮೇಲೆ ಟಾರ್ಚ್ ಬಿಟ್ಟಾಗ ಮಿಣಮಿಣ ಹೊಳೆಯುವುದು ತೋಳ ಜೇಡದ ಕಣ್ಣು. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಸೋನಾ ಮಸೂರಿ ಹಾಕಿದವರಿಗೆ ಕಂದು ಜಿಗಿಹುಳುವಿನ ಕಾಟ ಗೊತ್ತೇ ಇರುತ್ತದೆ, ಅದನ್ನು ತಿನ್ನುವುದು ಇದೇ ಜೇಡ. ಸಿಕ್ಕಾಪಟ್ಟೆ ಔಷಧಿ ಹೊಡೆದರೆ ಮೊದಲು ಸಾಯುವುದೂ ಇದೇ.

ಇನ್ನು ದೂರ ಇರಬೇಕಾದ್ದು. ಬ್ರೌನ್ ವಿಡೋ ಅಂತ ಒಂದಿದೆ. ನಮ್ಮ ದೇಶದಲ್ಲೂ ದಾಖಲಾಗಿದೆ. ಮನೆಯ ನಡುವೆ ಬರುವುದಿಲ್ಲ. ಬಳಸದ ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚು, ಗೇಟಿನ ಕಬ್ಬಿಣದ ಸಂದಿ, ಮೀಟರ್ ಬಾಕ್ಸಿನಂಥ ಕಡೆ ಇರುತ್ತದೆ. ಬಲೆಗೆ ರೂಪವೇ ಇಲ್ಲ, ಎಳೆಗಳು ಅಡ್ಡಾದಿಡ್ಡಿ, ಆದರೆ ಗಟ್ಟಿ. ಹೊಟ್ಟೆ ಬಟಾಣಿ ಕಾಳಿನಂತೆ ಗುಂಡು, ಕಾಲುಗಳಲ್ಲಿ ಕಪ್ಪು ಪಟ್ಟೆ, ಹೊಟ್ಟೆಯ ಅಡಿಯಲ್ಲಿ ಡಮರುಗದ ಆಕಾರದ ಕಿತ್ತಳೆ ಗುರುತು. ಅದನ್ನು ಹುಡುಕಲು ಬಗ್ಗಿ ಒದ್ದಾಡಬೇಕಿಲ್ಲ. ಬಲೆಯಲ್ಲಿರುವ ಮೊಟ್ಟೆಯ ಚೀಲ ನೋಡಿ. ಸುತ್ತಲೂ ಮುಳ್ಳುಮುಳ್ಳಾಗಿದ್ದರೆ ಅದೇ. ತಾನಾಗಿ ಮೇಲೆ ಬೀಳುವ ಜೇಡ ಅಲ್ಲ. ಕುರ್ಚಿ ಎತ್ತುವಾಗ ಬೆರಳಡಿ ಸಿಕ್ಕಿದರೆ ಕಚ್ಚುತ್ತದೆ. ಅದಕ್ಕೇ ಅಂಗಳದ ಹಳೇ ಸಾಮಾನು ಎತ್ತುವಾಗ ಕೈಗೆ ದಪ್ಪ ಗವಸು ಇರಲಿ. ಬೆಟ್ಟಗುಡ್ಡದ ಕಡೆ, ಮರದ ಪೊಟರೆಯಲ್ಲಿ, ಬಿಲದಲ್ಲಿ ಇರುವ ರೋಮದ ದೊಡ್ಡ ಟರಾಂಟುಲಾಗಳನ್ನೂ ಮುಟ್ಟಬೇಡಿ. ಕೆಲವು ಜಾತಿ ಕಚ್ಚಿದರೆ ಸ್ನಾಯು ಸೆಳೆತ ಬಹಳ ಬಾಧಿಸುತ್ತದೆ. ಕೈ ಕೊಳೆತ ಫೋಟೋ ಹಾಕಿ ಜನ ಹೆದರಿಸುವ ಬ್ರೌನ್ ರೆಕ್ಲೂಸ್ ಜೇಡ ಮಾತ್ರ ಅಮೆರಿಕದ್ದು, ನಮ್ಮ ಊರಿನದ್ದಲ್ಲ.

ಈಗ ಜೇಡದ ಮೇಲೆ ಬರುವ ಸುಳ್ಳು ಆರೋಪದ ಮಾತು. ಮಳೆ ಕಡಿಮೆಯಾಗಿ ಭತ್ತ ಕೊಯ್ಯುವ ಹೊತ್ತಿಗೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕುತ್ತಿಗೆ ಮೇಲೆ, ರೆಪ್ಪೆ ಮೇಲೆ ಉರಿಯುವ ಕೆಂಪು ಬರೆ ಎದ್ದವರು ಬರುತ್ತಿದ್ದರು. "ಅಕ್ಕಾರ, ರಾತ್ರಿ ಜೇಡ ಉಚ್ಚಿ ಹೊಯ್ದೈತ್ರಿ." ಜೇಡ ಹಾಗೆ ಮಾಡುವುದಿಲ್ಲ. ಮಾಡಿದ್ದು ಪೆಡೆರಸ್ ಅನ್ನುವ ಹುಳು, ಒಂದು ಜಾತಿಯ ಜೀರುಂಡೆ. ಸಪೂರ, ಒಂದು ಸೆಂಟಿಮೀಟರ್ ಒಳಗೇ, ಕಿತ್ತಳೆ ಮತ್ತು ಕಪ್ಪು ಪಟ್ಟೆ, ಮೊದಲ ನೋಟಕ್ಕೆ ಇರುವೆ ಅನ್ನಿಸುತ್ತದೆ. ಗದ್ದೆಯಿಂದ ಟ್ಯೂಬ್‌ಲೈಟಿಗೆ ಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಾವು ನಿದ್ದೆಯಲ್ಲಿ ಉಜ್ಜಿದಾಗ ಅದರ ಮೈಯ ರಸ ಚರ್ಮ ಸುಡುತ್ತದೆ. ಬರೆ ಏಳುವುದು ಒಂದೆರಡು ದಿನ ಬಿಟ್ಟು, ಹಾಗಾಗಿ ಯಾರಿಗೂ ಹುಳು ನೆನಪಿರುವುದಿಲ್ಲ, ಮೂಲೆಯಲ್ಲಿದ್ದ ಜೇಡ ಕಳ್ಳನಾಗುತ್ತದೆ. ಮೈಮೇಲೆ ಕೂತರೆ ಹೊಸಕಬೇಡಿ, ಊದಿ ಹಾರಿಸಿ. ಹೊಸಕಿಬಿಟ್ಟಿದ್ದರೆ ತಕ್ಷಣ ಸೋಪು ನೀರಲ್ಲಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಒಂದೇ ಪಕ್ಕಕ್ಕೆ ಪಟ್ಟಿಯಾಗಿ ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ವೈರಸ್ ಕಾರಣ, ಬೇಗ ಡಾಕ್ಟರ್ ಹತ್ತಿರ ಹೋಗಿ.

ರಾತ್ರಿ ಲೈಟಿಗೆ ಓಡಿ ಬರುವ, ಹತ್ತು ಕಾಲಿದ್ದಂತೆ ಕಾಣುವ, ಮಣ್ಣು ಬಣ್ಣದ ರೋಮದ ಪ್ರಾಣಿ ಕೂಡ ಜೇಡವಲ್ಲ. ಸನ್ ಸ್ಪೈಡರ್ ಎಂಬ ಹೆಸರಿದೆ ಅಷ್ಟೇ. ದವಡೆ ಗಟ್ಟಿ, ಹಿಡಿದರೆ ಕಚ್ಚುತ್ತದೆ, ಆದರೆ ವಿಷದ ಭಯ ಬೇಡ.

ನಮ್ಮ ಬಿಸಿಲ ಸೀಮೆಯಲ್ಲಿ ನಿಜವಾಗಿ ಹೆದರಬೇಕಾದ್ದು ಇವುಗಳ ದಾಯಾದಿ, ಚೇಳು. ಅದರಲ್ಲೂ ಕೆಂಪು ಚೇಳು. ದೊಡ್ಡ ಕರಿ ಚೇಳಿನ ಮುಂದಿನ ಇಕ್ಕಳಗಳು ದಪ್ಪ, ಬಾಲ ಸಣ್ಣ, ನೋವು ಕೊಟ್ಟರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ. ಕೆಂಪು ಚೇಳು ಚಿಕ್ಕದು, ಇಕ್ಕಳ ತೆಳ್ಳಗೆ, ಬಾಲ ದಪ್ಪ. ಕುಟುಕಿದ ಮೇಲೆ ಮಗು ಬೆವರುತ್ತಿದೆ, ವಾಂತಿ ಮಾಡುತ್ತಿದೆ, ಕೈಕಾಲು ತಣ್ಣಗಾಗಿದೆ ಎಂದರೆ ವಿಷ ಹೃದಯಕ್ಕೆ ಕೈ ಹಾಕಿದೆ ಅಂತ ಅರ್ಥ. ಮಂತ್ರ ಹಾಕಿಸಲು ಅರ್ಧ ಗಂಟೆ ಕಳೆಯಬೇಡಿ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1982ರಲ್ಲಿ ಈ ಲಕ್ಷಣಗಳ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮುಂದೆ ಬಿಪಿಗೆ ಕೊಡುತ್ತಿದ್ದ ಪ್ರಾಜೋಸಿನ್ ಮಾತ್ರೆಯಿಂದ ಜೀವ ಉಳಿಯುತ್ತದೆ ಅಂತ ತೋರಿಸಿಕೊಟ್ಟರು. ಆ ಮಾತ್ರೆ ಡಾಕ್ಟರೇ ಕೊಡಬೇಕು, ನೀವಾಗಿ ಅಲ್ಲ. ನಿಮ್ಮ ಕೆಲಸ ಬೇಗ ಆಸ್ಪತ್ರೆ ಮುಟ್ಟಿಸುವುದು.

ಜೇಡ ಕಚ್ಚಿದ್ದು ಖಚಿತವಾದರೆ ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೊಯ್ಯುವುದು, ಹೀರುವುದು, ಸುಣ್ಣ ಹಚ್ಚುವುದು ಬೇಡ. ನೋವು ಏರುತ್ತಾ ಹೋದರೆ, ಹೊಟ್ಟೆ ಅಥವಾ ಬೆನ್ನು ಸೆಳೆದರೆ, ಬೆವರು, ವಾಂತಿ ಶುರುವಾದರೆ ಆಸ್ಪತ್ರೆಗೆ ಹೊರಡಿ. ಸಾಧ್ಯವಾದರೆ ಜೇಡದ ಫೋಟೋ ತೆಗೆದುಕೊಳ್ಳಿ. ಗಾಯದ ರಕ್ತ ನಿಲ್ಲಲಿ ಅಂತ ಜೇಡರ ಬಲೆ ಒತ್ತಿಕೊಂಡು ಬರುವವರೂ ಇದ್ದರು. ಅದರ ಧೂಳೆಲ್ಲ ತೊಳೆಯುವವರ ಕಷ್ಟ ನನಗೆ ಗೊತ್ತು, ದಯವಿಟ್ಟು ಬೇಡ.

ಜೇಡವನ್ನು ಮನೆಯಿಂದ ಹೊರಗೆ ಹಾಕಲೇಬೇಕು ಅಂದರೆ ಲೋಟ ಬೋರಲು ಹಾಕಿ, ಗೋಡೆಗೂ ಲೋಟಕ್ಕೂ ನಡುವೆ ಲಗ್ನಪತ್ರಿಕೆ ಸರಿಸಿ, ಅಂಗಳದಾಚೆ ಬಿಡಿ. ಹಂಟ್ಸ್‌ಮನ್‌ಗೆ ಲೋಟ ಸಾಲದು, ಅಗಲ ಬಾಯಿಯ ಡಬ್ಬಿ ಬೇಕು. ಮಂಚ ಗೋಡೆಯಿಂದ ಒಂದು ಗೇಣು ದೂರ ಇರಲಿ. ಶೂ, ಒಗೆದ ಬಟ್ಟೆ ಕೊಡವಿ ಹಾಕಿಕೊಳ್ಳಿ. ಕುಳ್ಳು, ಹತ್ತಿ ಕಟ್ಟಿಗೆ ಮನೆ ಗೋಡೆಗೆ ತಾಗಿಸಿ ಒಟ್ಟಬೇಡಿ. ಖೋಟಾ ನೋಟು ನೋಡುವ ನೇರಳೆ ಬೆಳಕಿನ ಟಾರ್ಚು ಒಂದು ತಂದಿಟ್ಟುಕೊಳ್ಳಿ. ಕತ್ತಲಲ್ಲಿ ಕಟ್ಟಿಗೆ ಒಟ್ಟಿನ ಮೇಲೆ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಕೈ ಹಾಕುವ ಮೊದಲು ಒಂದು ಸುತ್ತು ನೋಡಿಕೊಳ್ಳಿ.