ವೆಬ್‌ವ್ಯೂ ಲೈಬ್ರರಿಯನ್ನು ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡುವ ಕ್ರಮ

ಅಪ್ಲಿಕೇಶನ್ನಿನ ಕಿಟಕಿಯೊಳಗೆ ವೆಬ್ ಪುಟಗಳನ್ನು ತೋರಿಸಲು ಬಳಸುವ ವೆಬ್‌ವ್ಯೂ ಲೈಬ್ರರಿಯು, ಆ ಪುಟಗಳನ್ನು ಮೂಡಿಸುವ ಬ್ರೌಸರ್ ಎಂಜಿನ್ನನ್ನು ತಾನೇ ಹೊತ್ತು ತರುವುದಿಲ್ಲ. ಲಿನಕ್ಸ್‌ನಲ್ಲಿ ವೆಬ್‌ಕಿಟ್ ಜಿಟಿಕೆ, ಮ್ಯಾಕ್‌ಓಎಸ್‌ನಲ್ಲಿ ಆಪಲ್‌ನ ವೆಬ್‌ಕಿಟ್, ವಿಂಡೋಸ್‌ನಲ್ಲಿ ಎಡ್ಜ್ ಆಧಾರಿತ ವೆಬ್‌ವ್ಯೂ 2, ಹೀಗೆ ಆಯಾ ವ್ಯವಸ್ಥೆಯಲ್ಲಿರುವ ಎಂಜಿನ್ನನ್ನು ಒಂದೇ ಬಗೆಯ ಫಂಕ್ಷನ್‌ಗಳ ಮೂಲಕ ಬಳಸಲು ಅನುವು ಮಾಡಿಕೊಡುತ್ತದೆ, ಅಷ್ಟೆ. ಆದ್ದರಿಂದ ಕಂಪೈಲ್ ಮಾಡಬೇಕಾದ ಕೋಡ್ ಅಲ್ಪವೇ. ಸಮಯ ಹಿಡಿಯುವುದು ಅದಕ್ಕೆ ಮೊದಲಿನ ಸಿದ್ಧತೆ.

ತೊಡಕು ಹೆಚ್ಚಾಗಿ ಎದುರಾಗುವುದು ಲಿನಕ್ಸ್‌ನಲ್ಲಿ. ಸಿ ಪ್ಲಸ್ ಪ್ಲಸ್ ಕಂಪೈಲರ್, ಬಿಲ್ಡನ್ನು ಸಜ್ಜುಗೊಳಿಸುವ ಸಿಮೇಕ್, ಅದನ್ನು ನಡೆಸುವ ನಿಂಜಾ ಮತ್ತು ಲೈಬ್ರರಿಗಳ ವಿವರ ತಿಳಿಸುವ ಪಿಕೆಜಿ-ಕಾನ್ಫಿಗ್‌ಗಳ ಜೊತೆಗೆ, ಕಿಟಕಿಗಳನ್ನು ಮೂಡಿಸುವ ಲೈಬ್ರರಿಯಾದ ಜಿಟಿಕೆ 3 ಹಾಗೂ ವೆಬ್‌ಕಿಟ್ ಜಿಟಿಕೆಯ ಹೆಡರ್ ಫೈಲ್‌ಗಳು (ಅವುಗಳ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವ ಫೈಲ್‌ಗಳು) ಬೇಕು. ಪ್ರೋಗ್ರಾಮ್ ಓಡಿಸಲು ಸಾಕಾಗುವ ಪ್ಯಾಕೇಜ್ ಬಿಲ್ಡ್ ಮಾಡಲು ಸಾಲದು. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಹೆಸರಿನ ಕೊನೆಗೆ ‘ಡೆವ್’ ಎಂದೂ ಫೆಡೋರಾದಲ್ಲಿ ‘ಡೆವೆಲ್’ ಎಂದೂ ಇರುವುದನ್ನೇ ಹಾಕಿಕೊಳ್ಳಬೇಕು. ವೆಬ್‌ಕಿಟ್ ಜಿಟಿಕೆಯ ಪ್ಯಾಕೇಜ್ ಹೆಸರಿನಲ್ಲಿ ಕಾಣುವ 4.0 ಮತ್ತು 4.1 ಎಂಜಿನ್ನಿನ ಹಳೆಯ ಮತ್ತು ಹೊಸ ಆವೃತ್ತಿಗಳೆಂದು ಹಲವರು ತಿಳಿಯುತ್ತಾರೆ. ಅವು ಎಪಿಐಯ, ಅಂದರೆ ಬೇರೆ ಪ್ರೋಗ್ರಾಮ್‌ಗಳು ಅದನ್ನು ಬಳಸುವ ಫಂಕ್ಷನ್‌ಗಳ ಗುಂಪಿನ, ಸಂಖ್ಯೆಗಳು: 4.0 ಎಚ್‌ಟಿಟಿಪಿ ಸಂಪರ್ಕ ನೋಡಿಕೊಳ್ಳುವ ಲಿಬ್‌ಸೂಪ್ ಲೈಬ್ರರಿಯ 2ನೇ ಆವೃತ್ತಿಯನ್ನು ಬಳಸುತ್ತದೆ, 4.1 ಅದರ 3ನೆಯದನ್ನು. ಪಿಕೆಜಿ-ಕಾನ್ಫಿಗ್‌ನಲ್ಲಿ 4.1ರ ಆವೃತ್ತಿ ಕೇಳಿದರೆ 2ರಿಂದ ಆರಂಭವಾಗುವ ಸಂಖ್ಯೆ ಬರುತ್ತದೆ. ಎಂಜಿನ್ನಿನ ನಿಜವಾದ ಆವೃತ್ತಿ ಅದೇ, ಗಾಬರಿ ಬೇಡ. ಆದರೆ ನಿಮ್ಮ ಅಪ್ಲಿಕೇಶನ್ ಬಳಸುವ ಬೇರೊಂದು ಲೈಬ್ರರಿ ಲಿಬ್‌ಸೂಪ್ 2ನ್ನು ಎಳೆದು ತಂದು, ವೆಬ್‌ವ್ಯೂ ಲೈಬ್ರರಿ ಲಿಬ್‌ಸೂಪ್ 3ನ್ನು ತಂದರೆ, ಎರಡೂ ಒಂದೇ ಪ್ರೋಸೆಸ್‌ನಲ್ಲಿ ಇರಲಾರದ ಕಾರಣ, ತಪ್ಪಿಲ್ಲದೆ ಬಿಲ್ಡ್ ಆದ ಪ್ರೋಗ್ರಾಮ್ ಓಡಿಸಿದಾಗ ನಿಂತುಹೋಗುತ್ತದೆ. ಹೊಸದಾಗಿ ಆರಂಭಿಸುವವರಿಗೆ ಇವೆರಡರಲ್ಲಿ 4.1 ಸರಿಯಾದ ಆಯ್ಕೆ.

ಮ್ಯಾಕ್‌ಓಎಸ್‌ನಲ್ಲಿ ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಪರಿಕರಗಳೂ ಸಿಮೇಕ್ ಮತ್ತು ನಿಂಜಾಗಳೂ ಸಾಕು. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋದ ಸಿ ಪ್ಲಸ್ ಪ್ಲಸ್ ಭಾಗ ಬೇಕು. ವೆಬ್‌ವ್ಯೂ 2 ರನ್‌ಟೈಮ್ ವಿಂಡೋಸ್ 11ರ ಜೊತೆಗೇ ಬರುತ್ತದೆ. 10ರಲ್ಲಿ ಇಲ್ಲದಿದ್ದರೆ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ಇನ್ನು ಬಿಲ್ಡ್. ಗಿಟ್‌ನಿಂದ ಕೋಡ್ ಇಳಿಸಿಕೊಂಡು, ದಿನದಿನಕ್ಕೆ ಬದಲಾಗುವ ಮುಖ್ಯ ಶಾಖೆಯ ಬದಲು ಬಿಡುಗಡೆಯಾದ ಆವೃತ್ತಿಯನ್ನು ಗುರುತಿಸುವ ಒಂದು ಟ್ಯಾಗ್‌ಗೆ ಹೋಗಿ. ಸಿಮೇಕ್‌ಗೆ ‘ಎಸ್’ ಆಯ್ಕೆಯಲ್ಲಿ ಕೋಡ್ ಇರುವ ಫೋಲ್ಡರನ್ನೂ ‘ಬಿ’ ಆಯ್ಕೆಯಲ್ಲಿ ಬೇರೆಯದೇ ಆದ ಬಿಲ್ಡ್ ಫೋಲ್ಡರನ್ನೂ ‘ಜಿ’ ಆಯ್ಕೆಯಲ್ಲಿ ನಿಂಜಾವನ್ನೂ ಸೂಚಿಸಿ, ಬಿಲ್ಡ್ ಬಗೆಯನ್ನು ‘ರಿಲೀಸ್’ ಎಂದು ಕೊಡಿ. ಈ ಕಾನ್ಫಿಗರ್ ಹಂತ ದೋಷವಿಲ್ಲದೆ ಮುಗಿದ ಮೇಲೆ, ಅದೇ ಫೋಲ್ಡರಿನ ಹೆಸರು ಕೊಟ್ಟು ಸಿಮೇಕ್‌ನ ಬಿಲ್ಡ್ ಆದೇಶವನ್ನು ನಡೆಸಿ. ಯಾವುದೋ ಪ್ಯಾಕೇಜ್ ಸಿಗಲಿಲ್ಲವೆಂಬ ದೋಷ ಬಂದು, ಅದನ್ನು ಹಾಕಿಕೊಂಡ ನಂತರವೂ ಅದೇ ದೂರು ಮರುಕಳಿಸಿದರೆ, ಬಿಲ್ಡ್ ಫೋಲ್ಡರನ್ನು ಅಳಿಸಿ ಮತ್ತೆ ಕಾನ್ಫಿಗರ್ ಮಾಡಿ. ಹಿಂದಿನ ಹುಡುಕಾಟದ ಫಲಿತಾಂಶಗಳನ್ನು ಸಿಮೇಕ್ ತನ್ನ ಕ್ಯಾಶ್ ಫೈಲಿನಲ್ಲಿ ಉಳಿಸಿಕೊಂಡಿರುತ್ತದೆ.

ಪರೀಕ್ಷೆಗೆ, ಜೊತೆಗೆ ಸಿದ್ಧವಾದ ಉದಾಹರಣೆ ಪ್ರೋಗ್ರಾಮ್‌ಗಳಲ್ಲಿ ಸರಳವಾದುದನ್ನು ಓಡಿಸಿ. ದೂರದ ಸರ್ವರ್‌ಗೆ ಟರ್ಮಿನಲ್ ಮೂಲಕ ಲಾಗಿನ್ ಆಗಿ ಓಡಿಸಿದರೆ ಪರದೆಯೇ ಇಲ್ಲದಿರುವುದರಿಂದ ಕಿಟಕಿ ತೆರೆಯದು. ಅದು ಬಿಲ್ಡ್‌ನ ದೋಷವಲ್ಲ.